ಒನ್ಸ್ ಮೋರ್ ಇಲ್ಲದ ಸಂಜೆ

ನನ್ನ ದನಿ ಒರಟು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ವಿನಯ ನನ್ನ ಜಾಯಮಾನದಲ್ಲೇ ಇಲ್ಲ. ಶಾಲೆಯಲ್ಲಿ ಗುಂಪುಗಾಯನಕ್ಕೆ ಮಕ್ಕಳನ್ನು ಆರಿಸುವಾಗ ಮೇಡಂ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, "ನೀನು ಬಾಯಿ ಮಾತ್ರ ಆಡಿಸು ಪುಟ್ಟಾ" ಎಂದಿದ್ದರು. ಫೋನಿನಲ್ಲಿ ನನ್ನ ಮಾತು ಕೇಳಿದ ನೆಂಟರೆಲ್ಲ "ಮಗೂಗೆ ನೆಗಡೀನಾ?" ಎಂದು ವಿಚಾರಿಸುತ್ತಿದ್ದರು. ಅಮ್ಮ ಮೊದಮೊದಲು ವಿವರಿಸುತ್ತಿದ್ದಳು, ಆಮೇಲೆ ಸಾಕಾಗಿ "ಹೂಂ, ಹುಟ್ಟಿದಾಗಿಂದ ನೆಗಡಿ" ಎಂದು ಮುಗಿಸಿಬಿಡುತ್ತಿದ್ದಳು. ಮುಂದೆ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆದೆ. ಅಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ನುಗಳು. ಅವುಗಳ ಸದ್ದಿನ ಮೇಲೆ ಮಾತು ಕೇಳಿಸಬೇಕಾದರೆ ಕಿರುಚಬೇಕು. ಕಿರುಚಿದೆ. ಇದ್ದ ಚೂರುಪಾರು ನಯವೂ ಅಲ್ಲಿ ಸವೆದುಹೋಯಿತು.

ಅಂಥ ದನಿಯನ್ನೂ ಒಬ್ಬ ಹುಡುಕಿಕೊಂಡು ಬಂದ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತ, ಸಿಂಗಸಂದ್ರದಲ್ಲಿ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದ ಹುಡುಗ. ವಾರವಿಡೀ ಕಂಪ್ಯೂಟರು, ರಜೆಯೆಲ್ಲ ಗಿಟಾರು. ಒಂದು ಬೆಳಿಗ್ಗೆ ನಾನು ನೀರಿನ ಟ್ಯಾಂಕರಿನವನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಬೈಯುತ್ತಿದ್ದೆ. ಹೇಳಿದ ದಿನ ಬಾರದೆ, ಬಂದ ದಿನ ಅರ್ಧ ಟ್ಯಾಂಕ್ ತಂದಿದ್ದ. ಈ ಹುಡುಗ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ನಿಂತು ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಬ್ರಷ್ ಕೈಯಲ್ಲಿ ಹಿಡಿದೇ ಕೆಳಗೆ ಬಂದ.

"ಅಕ್ಕಾ, ನೀವು ಬ್ಲೂಸ್ ಹಾಡ್ತೀರಾ?"

"ಏನದು?"

"ಈಗ ಬೈದ್ರಲ್ಲ, ಅದೇ. ಸ್ವಲ್ಪ ನಿಧಾನಕ್ಕೆ."

ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ಹಾಡುಗಾರಿಕೆ ಎಂದು ಹೇಳಿ, ಅವನು ನನಗೆ ತಿಂಗಳುಗಟ್ಟಲೆ ಕೇಳಿಸಿ ಕಲಿಸಿದ. ನನಗೆ ಅರ್ಥವಾದದ್ದು ಇಷ್ಟು: ಕಷ್ಟವನ್ನು ಒಂದು ಸಾಲಿನಲ್ಲಿ ಹೇಳಬೇಕು, ಯಾರೂ ಕಿವಿಗೊಡದಿದ್ದರೆ ಅದೇ ಸಾಲನ್ನು ಇನ್ನೊಮ್ಮೆ ಹೇಳಬೇಕು, ಆಮೇಲೆ ಮೂರನೆಯ ಸಾಲಿನಲ್ಲಿ ತಿವಿಯಬೇಕು. ಇದನ್ನು ನಾನು ಮದುವೆಯಾದಾಗಿನಿಂದ ಮಾಡುತ್ತಲೇ ಬಂದಿದ್ದೇನೆ. ಟ್ಯಾಂಕರಿನವನ ಮೇಲಿನ ಬೈಗುಳವೇ ನಮ್ಮ ಮೊದಲ ಹಾಡಾಯಿತು:

ಟ್ಯಾಂಕರು ಬರಲಿಲ್ಲ ಸ್ವಾಮಿ, ಸಂಪಲ್ಲಿ ನೀರಿಲ್ಲ
ಟ್ಯಾಂಕರು ಬರಲಿಲ್ಲ ಸ್ವಾಮಿ, ಸಂಪಲ್ಲಿ ನೀರಿಲ್ಲ
ಬಕೆಟ್ಟು ಹಿಡಿದು ನಿಂತೋಳ್ನ ಕೇಳೋರೇ ಯಾರಿಲ್ಲ

ಗಿಟಾರಿನ ಹುಡುಗನ ಆಫೀಸಿನಿಂದ ಡ್ರಮ್ಸಿಗೊಬ್ಬ, ಬೇಸ್ ಗಿಟಾರಿಗೊಬ್ಬ ಬಂದು ಸೇರಿಕೊಂಡರು. ಬ್ಯಾಂಡ್ ಆಯಿತು. ಇನ್ನು ಹಾಡುವುದಕ್ಕೊಂದು ಜಾಗ ಬೇಕಿತ್ತು.

ಹೊಸೂರು ರಸ್ತೆಯಿಂದ ಎರಡು ತಿರುವು ಒಳಗೆ, ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂದು ಹಾಲ್ ಇತ್ತು. ಕಟ್ಟಡ ಊರಿನ ಹಳೆಯ ಒಕ್ಕಲು ಮನೆತನದ ಗೌಡರದ್ದು. ಅವರ ರಾಗಿ ಹೊಲದಲ್ಲಿ ಈಗ ಬಾಡಿಗೆ ರೂಮುಗಳು ಬೆಳೆದು ನಿಂತಿವೆ. ಮಹಡಿಯನ್ನು ಅವರು ಸೀಮಂತ, ನಾಮಕರಣಗಳಿಗೆಂದು ಮಿನಿ ಹಾಲ್ ಮಾಡಿ ಕಟ್ಟಿಸಿದ್ದರು. ಮೆಟ್ಟಿಲು ಎಷ್ಟು ಕಡಿದೆಂದರೆ ಬಸುರಿಯರು ಹತ್ತಲಾರರು ಎಂಬುದು ಮೊದಲ ಸೀಮಂತದ ದಿನವೇ ಗೊತ್ತಾಯಿತು. ಆಮೇಲೆ ಅದು ಇಸ್ಪೀಟಿನ ಕ್ಲಬ್ ಆಯಿತು. ಇಸ್ಪೀಟಿನವರ ಜಗಳ ತಾಳಲಾರದೆ ಗೌಡರೇ ಅವರನ್ನೂ ಓಡಿಸಿದರು. ಕ್ಲಬ್ ಎನ್ನುವ ಹೆಸರು ಮಾತ್ರ ಉಳಿಯಿತು.

ಶನಿವಾರ ಸಂಜೆಗಳಲ್ಲಿ ಹಾಡಲು ಜಾಗ ಕೊಡುತ್ತೀರಾ ಎಂದು ಕೇಳಿಕೊಂಡು ಹೋದೆವು. ಗೌಡರು ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, "ಆಡಕ್ಕೆ ತಾನೆ ಕ್ಲಬ್ ಇರಾದು? ಅವ್ರು ಇಸ್ಪೀಟ್ ಆಡ್ತಿದ್ರು, ನೀವು ಆಡ್ ಆಡಿ" ಎಂದರು. ಅವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೀಗಾಗಿ ಹಾಡುವುದೂ ಆಡುವುದೂ ಅವರಿಗೆ ಒಂದೇ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕಿರಲಿಲ್ಲ.

ಬೀದಿಗೆ ಕಾಣುವಂತೆ ಒಂದು ಫ್ಲೆಕ್ಸ್ ಮಾಡಿಸಿದೆವು. 'ಪ್ರತಿ ಶನಿವಾರ ಸಂಜೆ ಲೈವ್ ಬ್ಲೂಸ್' ಎಂದು ಬರೆದುಕೊಟ್ಟಿದ್ದೆವು. ಫ್ಲೆಕ್ಸ್ ಅಂಗಡಿಯವನು ನಮ್ಮ ಕನ್ನಡ ಸರಿಯಿಲ್ಲವೆಂದುಕೊಂಡು ತಾನೇ ತಿದ್ದಿ 'ಲೈವ್ ಬ್ಲೌಸ್' ಎಂದು ಅಚ್ಚು ಹಾಕಿದ. ಮೊದಲ ಸಂಜೆ ನಮಗಿಂತ ಮುಂಚೆ ಹತ್ತಿ ಬಂದವರು ಅಕ್ಕಪಕ್ಕದ ಬೀದಿಯ ಹೆಂಗಸರು. ಒಬ್ಬಳ ಕವರಿನಲ್ಲಿ ಬಟ್ಟೆ, ಫಾಲ್ಸು, ಅಳತೆ ಬ್ಲೌಸು ಎಲ್ಲ ಇತ್ತು. "ಲೈವ್ ಅಂದ್ರೆ ಕಾಯ್ತಾ ಇದ್ದಂಗೇ ಹೊಲ್ದು ಕೊಡ್ತೀರಾ ಮೇಡಂ?" ಎಂದು ಕೇಳಿದಳು. ಅಷ್ಟು ಮೆಟ್ಟಿಲು ಹತ್ತಿದ್ದಾಗಿತ್ತು, ಇಳಿಯಲು ಬೇಸರವಾಗಿ ಕೂತರು. ಆಮೇಲೆ ಪ್ರತಿ ವಾರ ಬಂದರು. ಆ ಕವರಿನವಳು ಈಗಲೂ, "ನಿಮ್ಮ ಹಾಡು ಪರ್ವಾಗಿಲ್ಲ, ನಿಮ್ಮ ಬ್ಲೌಸಿನ ಫಿಟಿಂಗೇ ಸರಿಯಿಲ್ಲ" ಎಂದು ನನ್ನನ್ನು ರೇಗಿಸುತ್ತಾಳೆ.

ಇನ್ನು ಒನ್ಸ್ ಮೋರ್ ವಿಷಯ. ಗೌಡರ ರೂಮುಗಳಲ್ಲಿ ಇದ್ದವರಲ್ಲಿ ಹೆಚ್ಚಿನವರು ಬಾಗಲಕೋಟೆ, ಗದಗ ಕಡೆಯವರು. ಕಟ್ಟಡದ ಕೆಲಸ, ಕಾರ್ಖಾನೆ ಕೆಲಸ. ಅವರಲ್ಲೊಬ್ಬ ಸೆಂಟ್ರಿಂಗ್ ಮೇಸ್ತ್ರಿ, ಹೆಗಲ ಮೇಲೆ ಟವೆಲು, ಮೀಸೆಯ ತುಂಬ ಸಿಮೆಂಟು. ಕಂಪನಿ ನಾಟಕಗಳನ್ನು ನೋಡಿಕೊಂಡೇ ಬೆಳೆದ ಮನುಷ್ಯ. ಮೊದಲ ಸಂಜೆ ಟ್ಯಾಂಕರಿನ ಹಾಡಿನ ಎರಡನೆಯ ಚರಣ ಮುಗಿಯುವಷ್ಟರಲ್ಲೇ ಎದ್ದು ನಿಂತು, "ಒನ್ಸ್ ಮೋರ್!" ಎಂದು ಕೂಗಿ ಸೀಟಿ ಹೊಡೆದ. ಅವರ ಕಡೆ ಹಾಡು ಮುಗಿಯುವ ತನಕ ಯಾರೂ ಕಾಯುವುದಿಲ್ಲ. ಹಿಡಿಸಿತೋ, ಆ ಕ್ಷಣಕ್ಕೇ ಕೂಗಬೇಕು. ಕೂಗಿದರೆ ನಟರು ಅಲ್ಲಿಗೇ ಕಥೆ ನಿಲ್ಲಿಸಿ ಹಾಡನ್ನು ಮೊದಲಿನಿಂದ ಹಾಡಬೇಕು. ಸತ್ತ ಪಾತ್ರವೂ ಎದ್ದು ಕೂತು, ಹಾಡಿ, ಮತ್ತೆ ಸಾಯುತ್ತದಂತೆ.

ನಮ್ಮ ಗಿಟಾರಿನವನಿಗೆ ಮೊದಲು ಸಿಟ್ಟು ಬಂತು. "ಮುಗಿಯೋಕೆ ಮುಂಚೆ ಯಾರಾದ್ರೂ ಹಿಂಗ್ ಕೇಳ್ತಾರಾ ಗುರು?" ಎಂದು ಮೇಸ್ತ್ರಿಯ ಜೊತೆ ವಾದಕ್ಕಿಳಿದ.

ಮೇಸ್ತ್ರಿ ಶಾಂತವಾಗಿ ಉತ್ತರ ಕೊಟ್ಟ: "ನೀವ ಒಂದ ಸಾಲು ಎರಡ ಸಲ ಹಾಡ್ತೀರಿ. ನಾವು ಇಡೀ ಹಾಡು ಎರಡ ಸಲ ಕೇಳ್ತೀವಿ. ಇದರಾಗ ತಪ್ಪೇನೈತ್ರಿ?"

ಅಂದಿನಿಂದ ಅದೇ ನಮ್ಮ ಕ್ಲಬ್ಬಿನ ಕಾನೂನಾಯಿತು. ಕೂಗಿದರೆ ಮೊದಲಿನಿಂದ. ಬೀದಿಯ ಕೊನೆಯ ಬಾರಿನಲ್ಲಿ ಒಂದು ಸುತ್ತು ಮುಗಿಸಿಕೊಂಡು ಬರುತ್ತಿದ್ದ ಟೆಕ್ಕಿ ಹುಡುಗರು ಮೇಸ್ತ್ರಿಯ ಹತ್ತಿರ ಬೆರಳು ಮಡಿಸಿ ಸೀಟಿ ಹೊಡೆಯುವುದನ್ನು ಕಲಿತರು. ಅತ್ತಿಬೆಲೆ, ಆನೇಕಲ್ ಕಡೆಯಿಂದಲೂ ಜನ ಬರತೊಡಗಿದರು. ಶಾಲೆಯಲ್ಲಿ ಬಾಯಿ ಮಾತ್ರ ಆಡಿಸಿದವಳಿಗೆ ಒಂದು ಹಾಲ್ ತುಂಬ ಜನ ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಿದ್ದರು. ನನಗೆ ಆದ ಸಂತೋಷವನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯವೇನೂ ಇಲ್ಲ. ಶನಿವಾರಕ್ಕಾಗಿಯೇ ನಾನು ಉಳಿದ ವಾರವನ್ನು ಸಹಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ ದನಿ ಕೈಕೊಡಲು ಶುರುವಾಯಿತು. ಕಾರ್ಖಾನೆಯಲ್ಲಿ ಯಾರನ್ನೋ ಕರೆಯಲು ಬಾಯಿ ತೆರೆದರೆ ಬರೀ ಗಾಳಿ. ಚಂದಾಪುರದಲ್ಲಿ ಗಂಟಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಮೂಗಿನೊಳಗೆ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಒಳಗೆ ಅವರೆಕಾಳಿನಂಥದ್ದೊಂದು ಕೂತಿತ್ತು.

"ನೋಡಿ, ಇದೇ ಗಂಟು. ಚಿಕ್ಕಂದಿನಿಂದಲೂ ಇದ್ದಿರಬಹುದು, ಕಿರುಚಿ ಕಿರುಚಿ ದೊಡ್ಡದು ಮಾಡ್ಕೊಂಡಿದೀರ. ತೆಗೀಲೇಬೇಕು, ಇಲ್ಲಾಂದ್ರೆ ದನಿ ಪೂರ್ತಿ ಹೋಗತ್ತೆ. ತೆಗೆದ್ಮೇಲೆ ಈ ಒರಟು ಇರಲ್ಲ, ನೈಸಾಗತ್ತೆ."

"ನೈಸಾಗ್ಬಾರ್ದು ಡಾಕ್ಟ್ರೇ," ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ಹತ್ತಿರ ಯಾರೂ ಹಾಗೆ ಕೇಳಿರಲಿಲ್ಲವಂತೆ. ನಾನು ಕ್ಲಬ್ಬಿನ ಕಥೆಯನ್ನೆಲ್ಲ ಹೇಳಿದೆ. ನನಗೆ ಭಯವಾಗಿತ್ತು. ಜನ ಸೀಟಿ ಹೊಡೆಯುತ್ತಿದ್ದದ್ದು ಆ ಅವರೆಕಾಳಿಗೆ. ಅದು ಹೋದಮೇಲೆ ನಾನು ಇನ್ನೊಬ್ಬ ಸೂಪರ್‌ವೈಸರ್, ಅಷ್ಟೇ. ಕೊನೆಗೆ ಆಪರೇಷನ್‌ಗೆ ಒಪ್ಪಿದೆ, ಆದರೆ ಅದಕ್ಕೆ ಮುಂಚೆ ಒಂದು ಸಂಜೆ ಹಾಡಲು ಬಿಡಿ ಎಂದು ಗೋಗರೆದೆ. ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡು, "ಒಂದೊಂದು ಹಾಡು ಒಂದೇ ಸಲ. ಪ್ರಾಕ್ಟೀಸ್ ಕೂಡ ಬೇಡ" ಎಂದರು.

ಮನೆಗೆ ಬಂದು ಗಿಟಾರಿನವನಿಗೆ ಹೇಳಿದಾಗ ಅವನು ಗಿಟಾರನ್ನು ಕೆಳಗಿಟ್ಟ. ಅವನು ಅದನ್ನು ಕೆಳಗಿಡುವುದು ಊಟಕ್ಕೆ ಮತ್ತು ದುಃಖಕ್ಕೆ ಮಾತ್ರ. "ಹಂಗಾದ್ರೆ ಆ ಸಂಜೆ ರೆಕಾರ್ಡ್ ಮಾಡೋಣ ಅಕ್ಕಾ. ಲೈವ್ ಆಲ್ಬಮ್. ಸ್ಟುಡಿಯೋ ಬೇಡ, ನಮ್ ಕ್ಲಬ್ಬಲ್ಲೇ" ಎಂದ. ನನಗೂ ಅದೇ ಬೇಕಿತ್ತು. ನನ್ನ ಗಂಟಲಿನಿಂದ ಹೋಗುವ ದನಿ ಬೇರೆ ಎಲ್ಲಾದರೂ ಉಳಿಯಬೇಕು, ಆ ಜನರ ಸೀಟಿಯ ಸಮೇತ ಉಳಿಯಬೇಕು.

ಆಪರೇಷನ್ನಿಗೆ ಮುಂಚಿನ ಶನಿವಾರ ಗೊತ್ತು ಮಾಡಿದೆವು. ಗಿಟಾರಿನವನ ಸ್ನೇಹಿತನೊಬ್ಬ ಲ್ಯಾಪ್‌ಟಾಪು, ಮೈಕುಗಳನ್ನು ತಂದು ಹಾಲ್ ತುಂಬ ವೈರ್ ಎಳೆದ. ಫ್ಯಾನಿನ ಗರಗರ ರೆಕಾರ್ಡ್ ಆಗುತ್ತದೆಂದು ಎಲ್ಲ ಫ್ಯಾನುಗಳನ್ನೂ ಆರಿಸಿದ. ಶಾಮಿಯಾನದವರ ಹತ್ತಿರ ತಂದ ಕುರ್ಚಿಗಳೂ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂತರು. ಎಲ್ಲರೂ ಬೆವರಿನಲ್ಲಿ ತೊಯ್ದಿದ್ದರು. ಗೌಡರು ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು, ಮಗಳ ಮದುವೆಯೇನೋ ಎಂಬಂತೆ ಮೆಟ್ಟಿಲ ಬುಡದಲ್ಲಿ ನಿಂತು ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸಿ ಮೇಲೆ ಕಳಿಸುತ್ತಿದ್ದರು. ನೋಡಿ ಹೆಮ್ಮೆಯಾಯಿತು.

ಮೊದಲ ಹಾಡು ಹಾಡಿದೆ. ದನಿ ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಮಾತು ಕೇಳಿತು. ಹಾಡು ಮುಗಿದಾಗ ಚಪ್ಪಾಳೆ ಬಂತು, ಅಚ್ಚುಕಟ್ಟಾದ ಚಪ್ಪಾಳೆ. ನಮ್ಮ ಕಾರ್ಖಾನೆಯಲ್ಲಿ ಸುರಕ್ಷತಾ ಸಪ್ತಾಹದ ಭಾಷಣಕ್ಕೆ ಬರುತ್ತದಲ್ಲ, ಅಂಥದ್ದು. ಎರಡನೆಯ ಹಾಡಿಗೂ ಅದೇ. ಸೆಕೆಗೆ ಮಂಕಾಗಿದ್ದಾರೆ ಅಂದುಕೊಂಡೆ. ಮೂರನೆಯದು ಟ್ಯಾಂಕರಿನ ಹಾಡು. ಮೇಸ್ತ್ರಿ ಪ್ರತಿ ವಾರ ಕೂಗುವ ಜಾಗಕ್ಕೆ ಬಂದಾಗ ನಾನು ಬೇಕೆಂದೇ ಒಂದು ಉಸಿರು ತಡೆದು ನಿಂತೆ. ಏನೂ ಬರಲಿಲ್ಲ. ನೋಡಿದರೆ ಆ ಮನುಷ್ಯ ಟವೆಲನ್ನು ಬಾಯಿಗೆ ತುರುಕಿಕೊಂಡು ನೆಲ ನೋಡುತ್ತ ಕೂತಿದ್ದಾನೆ. ಪಕ್ಕದ ಟೆಕ್ಕಿ ಹುಡುಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದಾನೆ.

ಹಾಡು ಮುಗಿಸಿದೆ. ಆ ಅಚ್ಚುಕಟ್ಟಾದ ಚಪ್ಪಾಳೆ ಮತ್ತೆ ಬಂತು. ನನ್ನ ತಾಳ್ಮೆಯೂ ಅಲ್ಲಿಗೆ ಮುಗಿಯಿತು.

"ಏನ್ರೀ ಇದು? ತಿಥಿ ಊಟಕ್ಕೆ ಬಂದಂಗೆ ಕೂತಿದೀರಲ್ಲ ಎಲ್ರೂ? ಚೆನ್ನಾಗಿಲ್ಲ ಅಂದ್ರೆ ಬಾಯ್ಬಿಟ್ಟು ಹೇಳಿ!" ಎಂದು ಮೈಕಿನಲ್ಲೇ ಕೂಗಿದೆ.

ಮೇಸ್ತ್ರಿ ಬಾಯಿಂದ ಟವೆಲು ತೆಗೆದು ಎದ್ದು ನಿಂತ. "ಹಂಗಲ್ರೀ ಅಕ್ಕಾರ. ಗೌಡ್ರು ಬಾಗಲದಾಗ ನಿಂತು ಒಬ್ಬೊಬ್ಬರಿಗೂ ಹೇಳ್ಯಾರ್ರೀ. ನಿಮ್ಮ ಗಂಟಲಾ ಆಪರೇಷನ್ ಐತಂತ. ಒನ್ಸ್ ಮೋರ್ ಅಂದವರದು ರೂಮ್ ಖಾಲಿ ಮಾಡಿಸ್ತೀನಿ ಅಂದಾರ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಗೌಡರು ಕದಲಲಿಲ್ಲ. "ಒಂದೇ ಸಲ ಆಡ್ಬೇಕು ಅಂತ ಡಾಕ್ಟ್ರು ಏಳವ್ರೆ. ಈ ಗಿಟಾರ್ ಐದ ನಂಗೆ ಎಲ್ಲಾ ಏಳವ್ನೆ. ಕೂಗಿದ್ರೆ ನೀನು ಬಿಡ್ತೀಯ? ಮತ್ತೆ ಆಡ್ತೀಯ. ಅದ್ಕೇ ಏಳ್ದೆ."

ಲ್ಯಾಪ್‌ಟಾಪಿನವನು ರೆಕಾರ್ಡಿಂಗ್ ನಿಲ್ಲಿಸಲೋ ಬೇಡವೋ ಎಂದು ಕಣ್ಣಿನಲ್ಲೇ ಕೇಳುತ್ತಿದ್ದ. ನನಗೆ ಅಳು, ಕೋಪ ಎರಡೂ ಒಟ್ಟಿಗೆ ಬಂದವು. ಇಷ್ಟು ಜನ ನನ್ನ ಗಂಟಲಿಗಾಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದರಲ್ಲ ಎಂದು ಅಳು. ಆದರೆ ಅವರು ಸಂಜೆಯೆಲ್ಲ ಒಬ್ಬ ರೋಗಿಯನ್ನು ನೋಡಲು ಬಂದವರಂತೆ ಕೇಳಿದ್ದರು. ಕಿತ್ತಳೆ ಹಣ್ಣು ತಂದಿರಲಿಲ್ಲ, ಅಷ್ಟೇ. ನಾನು ಉಳಿಸಿಕೊಳ್ಳಬೇಕೆಂದಿದ್ದ ದನಿ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದ ದನಿಯಲ್ಲ.

"ಗೌಡ್ರೇ, ರೂಮು ನಿಮ್ದು. ಗಂಟ್ಲು ನಂದು," ಎಂದೆ. ಆಮೇಲೆ ಜನರ ಕಡೆ ತಿರುಗಿ, "ಇಷ್ಟ ಆಗಿದ್ರೆ ಕೂಗಿ. ಆಗಿಲ್ಲ ಅಂದ್ರೆ ಮನೆಗೆ ಹೋಗಿ," ಎಂದೆ.

ಮೊದಲು ಕೂಗಿದವಳು ಆ ಕವರಿನ ಹೆಂಗಸು. ಬಹಳ ಮೆಲ್ಲಗೆ, ಯಾರದೋ ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಕೇಳಿದ ಹಾಗೆ, "ಒನ್ಸ್ ಮೋರ್" ಎಂದಳು. ಮೇಸ್ತ್ರಿ ಟವೆಲನ್ನು ಎಸೆದು ಸೀಟಿ ಹೊಡೆದ. ಅಲ್ಲಿಂದಾಚೆಗೆ ಹಾಲ್ ಯಾರ ಕೈಗೂ ಸಿಗಲಿಲ್ಲ. ಕುರ್ಚಿಗಳನ್ನು ನೆಲಕ್ಕೆ ಕುಟ್ಟಿದರು. ಗೌಡರು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

ಟ್ಯಾಂಕರಿನ ಹಾಡನ್ನು ಮೊದಲಿನಿಂದ ಹಾಡಿದೆ. ಅಷ್ಟು ಚೆನ್ನಾಗಿ ಅದನ್ನು ನಾನು ಎಂದೂ ಹಾಡಿರಲಿಲ್ಲ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಕೊನೆಯ ಚರಣದ ಕೊನೆಯ ಸಾಲಿಗೆ ಬಾಯಿ ತೆರೆದೆ, ದನಿ ಬರಲಿಲ್ಲ. ಬರೀ ಗಾಳಿ ಬಂತು. ಗಿಟಾರಿನವನು ತಲೆಯೆತ್ತದೆ ಆ ಸಾಲನ್ನು ತಂತಿಯ ಮೇಲೆ ನುಡಿಸಿ ಮುಗಿಸಿದ. ಆ ಸಂಜೆ ನಾನು ಮತ್ತೆ ಹಾಡಲಿಲ್ಲ. ಉಳಿದ ಹೊತ್ತೆಲ್ಲ ಅವರು ಮೂವರೇ ನುಡಿಸಿದರು, ನಾನು ಬಿಸಿನೀರಿನ ಫ್ಲಾಸ್ಕ್ ಹಿಡಿದು ಕವರಿನವಳ ಪಕ್ಕದಲ್ಲಿ ಕೂತು ಕೇಳಿದೆ.

ಆಲ್ಬಮ್ ಸಿದ್ಧಮಾಡುವಾಗ ಲ್ಯಾಪ್‌ಟಾಪಿನವನು, ಮೊದಲು ಹಾಡಿದ್ದೇ ಕ್ಲೀನ್ ಆಗಿದೆ, ಎರಡನೆಯದನ್ನೂ ನಡುವಿನ ಜಗಳವನ್ನೂ ಕತ್ತರಿಸೋಣ ಎಂದ. ನಾನೂ ಗಿಟಾರಿನವನೂ ಒಪ್ಪಲಿಲ್ಲ. ಹಾಗಾಗಿ ನಮ್ಮ ಆಲ್ಬಮ್ಮಿನಲ್ಲಿ ಟ್ಯಾಂಕರಿನ ಹಾಡು ಎರಡು ಸಲ ಇದೆ, ನಡುವೆ ನನ್ನ ಬೈಗುಳ, ಮೇಸ್ತ್ರಿಯ ಅಹವಾಲು, ಗೌಡರ ಸಮಜಾಯಿಷಿ. ಇಂಟರ್ನೆಟ್ಟಿಗೆ ಹಾಕಿದೆವು. ಊರೇನೂ ಮಗುಚಿ ಬೀಳಲಿಲ್ಲ. ನಮ್ಮ ಕಾರ್ಖಾನೆಯ ಬಸ್ಸಿನಲ್ಲಿ ಹುಡುಗಿಯರು ಬೈಗುಳದ ಭಾಗವನ್ನು ಮಾತ್ರ ಮತ್ತೆ ಮತ್ತೆ ಹಾಕಿಕೊಂಡು ನಗುತ್ತಿದ್ದರಂತೆ.

ಆಪರೇಷನ್ ಆಯಿತು. ಡಾಕ್ಟರಮ್ಮನಿಗೆ ಎರಡನೆಯ ಸಲದ ವಿಷಯ ಹೇಳಲಿಲ್ಲ; ಒಳಗೆ ನೋಡಿದಾಗ ಅವರಿಗೇ ಗೊತ್ತಾಗಿರಬೇಕು, ಅವರೂ ಕೇಳಲಿಲ್ಲ. ವಾರಗಟ್ಟಲೆ ಮಾತಾಡುವಂತಿರಲಿಲ್ಲ. ಬೇಕಾದ್ದಕ್ಕೆಲ್ಲ ತಟ್ಟೆ ಬಡಿಯುತ್ತಿದ್ದೆ. ಮನೆ ಇಷ್ಟು ನೆಮ್ಮದಿಯಾಗಿ ಯಾವತ್ತೂ ಇರಲಿಲ್ಲ ಎಂದು ನಮ್ಮ ಯಜಮಾನರು ಒಂದು ದಿನ ಅಂದರು, ಸೌಟು ಬೀಸಿದೆ, ತಪ್ಪಿಸಿಕೊಂಡರು. ಕೊನೆಗೊಮ್ಮೆ ಡಾಕ್ಟರಮ್ಮ ಎದುರು ಕೂರಿಸಿಕೊಂಡು, "ಈಗ ಮೆತ್ತಗೆ ಆ ಅನ್ನಿ" ಎಂದರು. ಅಂದೆ. ಯಾರೋ ಅಂದರು. ತೆಳ್ಳಗೆ, ನುಣ್ಣಗೆ, ಮುಂದಿನ ನಿಲ್ದಾಣ ಯಾವುದೆಂದು ಬಸ್ಸಿನಲ್ಲಿ ಹೇಳುವ ಹೆಣ್ಣಿನ ದನಿ. "ಎಷ್ಟು ನೈಸಾಗಿದೆ ನೋಡಿ!" ಎಂದು ಡಾಕ್ಟರಮ್ಮ ನಕ್ಕರು. ಕೈ ಮುಗಿದು ಬಂದೆ. ಆಟೋದಲ್ಲಿ ಸಿಂಗಸಂದ್ರದವರೆಗೂ ಅತ್ತೆ. ಅಳುವ ಸದ್ದೂ ನನ್ನದಾಗಿರಲಿಲ್ಲ.

ಕ್ಲಬ್ಬಿನ ಕಡೆ ಹೋಗಲು ಮನಸ್ಸಾಗಲಿಲ್ಲ. ಗಿಟಾರಿನವನು ಒತ್ತಾಯ ಮಾಡಲಿಲ್ಲ, ಆದರೆ ಬಾಲ್ಕನಿಯಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದ. ಇನ್ನು ಹಾಡುವುದಿಲ್ಲ ಎಂದು ಎಲ್ಲರಿಗೂ ಹೇಳಿಬಿಡೋಣ, ಮೊದಲು ಗೌಡರಿಗೆ ಎಂದುಕೊಂಡು ಒಂದು ಶನಿವಾರ ಸಂಜೆ ಫೋನ್ ಮಾಡಿದೆ. ಗೌಡರು ಹೆಸರು ನೋಡಿ ಫೋನ್ ಎತ್ತುವವರಲ್ಲ; ಕನ್ನಡಕ ಹುಡುಕುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ.

"ಅಲೋ, ಯಾರವ್ವ?"

"ನಾನು ಗೌಡ್ರೇ."

"ನಾನು ಅಂದ್ರೆ ಯಾರು?"

"ನಾನೇ. ಕ್ಲಬ್ಬಲ್ಲಿ ಹಾಡ್ತಿದ್ನಲ್ಲ."

"ಯಾವ್ದವ್ವ ನೀನು, ತಮಾಸೆ ಮಾಡ್ತೀಯ? ಅವ್ಳು ಇಲ್ಲೇ ಆಡ್ತಾವ್ಳೆ, ಕೇಳುಸ್ತಿಲ್ವ?"

ಕೇಳಿಸುತ್ತಿತ್ತು. ಅವರ ಹಿಂದೆ ಯಾರೋ ಆಲ್ಬಮ್ ಹಾಕಿದ್ದರು. ಟ್ಯಾಂಕರಿನ ಹಾಡು, ಎರಡನೆಯ ಸಲದ್ದು. ನಾನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ. ಅವಳು ಒಂದು ಸಾಲು ಹೇಳಿದಳು, ಅದನ್ನೇ ಇನ್ನೊಮ್ಮೆ ಹೇಳಿದಳು, ಕೊನೆಯ ಸಾಲಿಗೆ ಬಂದು ನಿಂತಳು, ಗಿಟಾರು ಮುಗಿಸಿತು.

"ಗೌಡ್ರೇ," ಎಂದೆ. "ಅವಳು ನಾನೇ. ಆಪರೇಷನ್ ಆಗಿ ದನಿ ಹಿಂಗಾಗ್ಬಿಟ್ಟಿದೆ. ಇನ್ಮೇಲೆ ಹಾಡಲ್ಲ ಅಂತ ಹೇಳೋಕೆ ಫೋನ್ ಮಾಡ್ದೆ."

ಅವರು ಯಾರಿಗೋ ಹಾಡು ನಿಲ್ಲಿಸಲು ಹೇಳಿದ್ದು ಕೇಳಿಸಿತು.

"ಅವ್ಳ್ನ ಸಾಕಷ್ಟು ಕೇಳಿವ್ನಿ ಕಣವ್ವ," ಎಂದರು. "ನೀನು ಬಾ. ನಿಂದೂ ಒಂದ್ ಕಿತ ಕೇಳಣ."

ಈ ಹೊಸ ದನಿಗೆ ಹಾಡು ಎಂದ ಮೊದಲ ಮನುಷ್ಯ ಅವರು. ಬರುತ್ತೇನೆ ಎಂದೆ.